ಭಂಡಾರ ಒಲ್ಲೆ ಎಂದವರು

ಸನ್ಮಾನದ ಸುದ್ದಿಗೆ ನಮ್ಮ ವೃತ್ತಿಯಲ್ಲಿ ಒಂದು ಸಿದ್ಧ ಅಚ್ಚು ಇದೆ. ಉದ್ಘಾಟಿಸಿದರು, ಮಾತನಾಡಿದರು, ಸನ್ಮಾನಿಸಲಾಯಿತು, ಉಪಸ್ಥಿತರಿದ್ದರು, ವಂದಿಸಿದರು. ಈ ಕ್ರಿಯಾಪದಗಳ ನಡುವೆ ಹೆಸರುಗಳನ್ನು ತುಂಬಿದರೆ ಸುದ್ದಿ ಮುಗಿಯುತ್ತದೆ. ಜಮಖಂಡಿಯಲ್ಲಿ ಕೂತು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಸುದ್ದಿಗಳನ್ನೂ ಕಳಿಸುವ ನಾನು ಅಂಥವನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಸಭಾಭವನದ ಮೆಟ್ಟಿಲು ಹತ್ತುವಾಗಲೇ ಅರ್ಧ ವರದಿ ತಲೆಯಲ್ಲಿ ಸಿದ್ಧವಾಗಿರುತ್ತದೆ. ಆ ದಿನವೂ ಸಿದ್ಧವಿತ್ತು. ಸನ್ಮಾನಕ್ಕೆ ಬಂದವರು ‘ಒಲ್ಲೆ’ ಎಂದರೆ ಏನು ಬರೆಯಬೇಕು ಎಂಬುದು ಮಾತ್ರ ಆ ಅಚ್ಚಿನಲ್ಲಿ ಇರಲಿಲ್ಲ.

ಕಾರ್ಯಕ್ರಮ ಮಾಡಿದ್ದು ನಮ್ಮೂರಿನ ಒಂದು ಸಣ್ಣ ಸಮಿತಿ. ನಿವೃತ್ತ ಶಿಕ್ಷಕರು, ಇಬ್ಬರು ಮೂವರು ವ್ಯಾಪಾರಿಗಳು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಅಧ್ಯಕ್ಷರು ನನಗೆ ಸಾಲೆಯಲ್ಲಿ ಪಾಠ ಹೇಳಿದ ಹೆಡ್‌ಮಾಸ್ತರರು. ಪ್ರತಿ ವರ್ಷವೂ ಅವೇ ಮುಖಗಳಿಗೆ ಶಾಲು ಹೊದಿಸಿ ಅವರಿಗೇ ಬೇಸರ ಬಂದಿತ್ತು. ಈ ಸಲ ನೀರು, ನೆಲ ಮತ್ತು ದುಡಿಯುವವರ ನ್ಯಾಯಕ್ಕಾಗಿ ಓಡಾಡಿದವರನ್ನೇ ಹುಡುಕಿ ಕರೆಯಬೇಕೆಂದು ಹಟ ಹಿಡಿದರು. ಮೂವರು ಸಿಕ್ಕರು. ರಬಕವಿಯ ಒಬ್ಬ ನೇಕಾರ, ಬಣ್ಣ ಹಾಕುವ ಮನೆಗಳ ನೀರು ಗಟಾರದಲ್ಲಿ ಹರಿದು ಹೊಳೆ ಸೇರುವುದನ್ನು ನಿಲ್ಲಿಸಲು ವರ್ಷಗಟ್ಟಲೆ ನಗರಸಭೆಯ ಮೆಟ್ಟಿಲು ಸವೆಸಿದವರು. ರನ್ನ ಬೆಳಗಲಿ ಕಡೆಯ ಒಬ್ಬ ರೈತ, ಕಬ್ಬು ಕಡಿದ ಮೇಲೆ ಉಳಿಯುವ ರವದಿಯನ್ನು ಸುಡಬೇಡಿ ಎಂದು ಹೊಲದಿಂದ ಹೊಲಕ್ಕೆ ತಿರುಗಿ ಬೈಸಿಕೊಂಡವರು. ಮೂರನೆಯವರು ಬೀಳಗಿಯಿಂದ ಒಳಗೆ ಗುಡ್ಡದ ಬುಡದ ಒಂದು ಹಳ್ಳಿಯ ಕುರಿ ಕಾಯುವ ಹೆಣ್ಣುಮಗಳು. ಐವತ್ತು ದಾಟಿದವರು, ಬೀರಪ್ಪ ದೇವರ ಒಕ್ಕಲಿನವರು.

ಅವರ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅವರ ಊರಿನ ಗುಡ್ಡದ ಇಳಿಜಾರಿನಲ್ಲಿ ಗಾಯರಾಣವಿದೆ. ಊರ ದನ-ಕುರಿ ಮೇಯಲು ಬಿಟ್ಟ ಜಾಗ. ಅಲ್ಲಿಂದಲೇ ಒಂದು ಹಳ್ಳ ಇಳಿದು ಊರ ಕೆರೆಗೆ ಸೇರುತ್ತದೆ. ಗಾಯರಾಣದ ಅಂಚಿನಲ್ಲಿ ಕಲ್ಲು ಒಡೆದು ಪುಡಿ ಮಾಡುವ ಕಡಿ ಮಷಿನ್ ಬಂತು. ಕಲ್ಲು ತೆಗೆಯುವ ಗುಂಡಿ ಸ್ವಲ್ಪ ಸ್ವಲ್ಪವಾಗಿ ಗಾಯರಾಣದೊಳಗೆ ಸರಿಯಿತು. ಧೂಳು ಬಿದ್ದು ಬಿದ್ದು ಹಳ್ಳದ ಬಾಯಿ ಮುಚ್ಚಿತು, ಕೆರೆಗೆ ನೀರು ಬರುವುದು ನಿಂತಿತು. ಊರ ಗಂಡಸರಲ್ಲಿ ಬಹಳ ಮಂದಿ ಮಷಿನ್ನಿನಲ್ಲಿ, ಟಿಪ್ಪರಿನಲ್ಲಿ ಕೆಲಸಕ್ಕಿದ್ದರು. ಅವರು ಮಾತನಾಡುವ ಹಾಗಿರಲಿಲ್ಲ. ಈ ಹೆಣ್ಣುಮಗಳು ಘೋಷಣೆ ಕೂಗಲಿಲ್ಲ, ಧರಣಿ ಕೂರಲಿಲ್ಲ. ಟಿಪ್ಪರುಗಳು ಹೊರಡುವ ಹೊತ್ತಿಗೆ ಸರಿಯಾಗಿ ತಮ್ಮ ಹಿಂಡನ್ನು ರಸ್ತೆಗೆ ಬಿಡುತ್ತಿದ್ದರು. ಡ್ರೈವರುಗಳು ಹಾರ್ನು ಹೊಡೆದು ಸಾಕಾಗಿ ಕೆಳಗಿಳಿದು ಕೇಳಿದರೆ, “ಕುರಿ ದಾಟಾಕತ್ತಾವಪಾ, ನಾ ಏನ್ ಮಾಡ್ಲಿ, ಅವಕ್ಕ ನಿಮ್ಮಂಗ ಗಡಿಬಿಡಿ ಇಲ್ಲ” ಎನ್ನುತ್ತಿದ್ದರು. ಕುರಿಗಳು ದಿನಾ ದಾಟಿದವು. ಕೊನೆಗೆ ಅವರದೇ ಅರ್ಜಿ ಸರಕಾರಕ್ಕೆ ಹೋಯಿತು. ಸ್ಥಳಕ್ಕೆ ಬಂದು ನೋಡುತ್ತೇವೆ, ಅಲ್ಲಿ ನಿಜಕ್ಕೂ ಕುರಿ ಮೇಯುತ್ತವೆಯೇ ಎಂದು ಊರವರ ಹೇಳಿಕೆ ತೆಗೆದುಕೊಳ್ಳುತ್ತೇವೆ ಎಂದು ಅಧಿಕಾರಿಗಳು ತಿಳಿಸಿದರು. ಅದು ಬಂಜರು ಬಂಡೆ, ಅಲ್ಲಿ ಯಾರೂ ಏನೂ ಮೇಯಿಸಿಲ್ಲ ಎಂಬುದು ಮಷಿನ್ ಮಾಲೀಕರ ವಾದ. ಹಾಗಲ್ಲ ಎಂದು ಅಧಿಕಾರಿಗಳ ಮುಂದೆ ಬಾಯಿಬಿಟ್ಟು ಹೇಳಲು ಸಿದ್ಧರಿದ್ದವರು ಊರಿನಲ್ಲಿ ಇವರೊಬ್ಬರೇ. ಆ ಪರಿಶೀಲನೆ ಸನ್ಮಾನದ ಮರುವಾರಕ್ಕೆ ನಿಗದಿಯಾಗಿತ್ತು.

ನಾನು ಮೊದಲೊಮ್ಮೆ ಇವರ ಬಗ್ಗೆ ಒಳಪುಟಕ್ಕೆ ಒಂದು ಸಣ್ಣ ಸುದ್ದಿ ಬರೆದಿದ್ದೆ. ವಿಚಾರಣೆ ಬಾಕಿ ಇದ್ದುದರಿಂದ ಮಾಲೀಕರ ಹೆಸರು ಅದರಲ್ಲಿರಲಿಲ್ಲ. ಹೆಡ್‌ಮಾಸ್ತರರು ಅದನ್ನು ಓದಿಯೇ ಇವರನ್ನು ಕರೆಸಿದ್ದು.

ಆ ದಿನ ಸಭಾಭವನದ ಮುಂದೆ ಅವರ ಊರಿನ ಟೆಂಪೋ ನಿಂತಿತ್ತು. ಡೊಳ್ಳಿನವರು ಬಂದಿದ್ದರು, ಬೀರಪ್ಪನ ಗುಡಿಯ ಪೂಜಾರಿ ಬಂದಿದ್ದರು, ಹೆಂಗಸರು ಮಕ್ಕಳು ಬಂದಿದ್ದರು. ತಮ್ಮೂರ ಹೆಣ್ಣುಮಗಳಿಗೆ ಜಮಖಂಡಿಯಲ್ಲಿ ಖುರ್ಚಿ ಹಾಕುತ್ತಾರೆಂದರೆ ಜಗಳವಿದ್ದವರೂ ಬಂದಿದ್ದರು. ಹೆಡ್‌ಮಾಸ್ತರರು ಬಾಗಿಲಲ್ಲೇ ನನ್ನನ್ನು ಹಿಡಿದು, ಈ ಸಲ ಶಾಲು ಇಲ್ಲ, ಕಂಬಳಿ ಹೊದಿಸಿ ಭಂಡಾರ ಹಚ್ಚುತ್ತೇವೆ, ನಮ್ಮ ಮಣ್ಣಿನ ಸನ್ಮಾನ, ಅದನ್ನು ಎತ್ತಿ ಬರಿ ಎಂದು ಹೇಳಿದರು. ಭಂಡಾರವೆಂದರೆ ಬೀರಪ್ಪನ ಗುಡಿಯ ಅರಿಷಿಣ ಪುಡಿ. ಭಕ್ತರಿಗೆ ಅದೇ ಪ್ರಸಾದ, ಅದೇ ಆಣೆ. ಹಿತ್ತಾಳೆಯ ತಾಟಿನಲ್ಲಿ ಅದು ಗುಡ್ಡೆಯಾಗಿ ಕೂತಿತ್ತು, ಪಕ್ಕದಲ್ಲಿ ಮಡಿಚಿಟ್ಟ ಕರಿ ಕಂಬಳಿಗಳು.

ಬರಬೇಕಾಗಿದ್ದ ಮುಖ್ಯ ಅತಿಥಿ ಬರಲಿಲ್ಲ. ಅವರ ಖುರ್ಚಿಯಲ್ಲಿ ಆ ದಿನದ ಊಟದ ಖರ್ಚು ಹೊತ್ತ ಗುತ್ತಿಗೆದಾರ ಸಾಹುಕಾರರು ಕೂತಿದ್ದರು. ಜಮಖಂಡಿಯವರಿಗೆ ಅವರು ಕೈ ಎತ್ತಿ ಕೊಡುವ ಮನುಷ್ಯ, ಅಷ್ಟೇ. ಕಡಿ ಮಷಿನ್ ಅವರದೇ ಎಂದು ಆ ಸಭಾಭವನದಲ್ಲಿ ನನಗೆ ಗೊತ್ತಿತ್ತು, ಟೆಂಪೋದಲ್ಲಿ ಬಂದವರಿಗೆ ಗೊತ್ತಿತ್ತು. ಸಮಿತಿಗೆ ಗೊತ್ತಿರಲಿಲ್ಲ. ಅವರನ್ನು ವೇದಿಕೆಯ ಮೇಲೆ ನೋಡಿದಾಗ, ಇದು ಸ್ವಲ್ಪ ಮುಜುಗರದ ಕಾರ್ಯಕ್ರಮವಾಗುತ್ತದೆ ಎಂದಷ್ಟೇ ನಾನು ಅಂದುಕೊಂಡೆ. ಮುಜುಗರ ನಮಗೆ ದಿನದ ಊಟ.

ನೇಕಾರರಿಗೆ ಮೊದಲು ಹೊದಿಸಿದರು. ನಿರೂಪಕರು ಸೀರೆ ನೇಯುವವರಿಗೆ ಕಂಬಳಿ ಸಿಕ್ಕಿತಲ್ಲ ಎಂದು ತಮಾಷೆ ಮಾಡಿದರು. ನೇಕಾರರು ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ನೂಲು ಛಲೋ ಐತ್ರಿ ಎಂದರು. ಸಭೆ ನಕ್ಕಿತು. ಸಾಹುಕಾರರು ಅವರ ಹಣೆಗೆ ಭಂಡಾರ ಹಚ್ಚಿದರು. ರೈತರಿಗೂ ಹಾಗೆಯೇ ಆಯಿತು.

ಆಮೇಲೆ ಬೀಳಗಿ ಕಡೆಯ ಹೆಣ್ಣುಮಗಳನ್ನು ಕರೆದರು. ಡೊಳ್ಳು ಎದ್ದಿತು. ಕಂಬಳಿ ಹೊದಿಸಿದ್ದು ಹೆಡ್‌ಮಾಸ್ತರರು. ಹೆಣ್ಣುಮಗಳು ಅದರ ಅಂಚನ್ನು ಕಣ್ಣಿಗೆ ಒತ್ತಿಕೊಂಡು ತಲೆ ಬಗ್ಗಿಸಿ ನಿಂತರು. ಸಾಹುಕಾರರು ತಾಟಿನಿಂದ ಚಿಟಿಕೆ ಭಂಡಾರ ತೆಗೆದುಕೊಂಡು ಮುಂದೆ ಬಂದರು. ತಲೆ ಬಗ್ಗಿಸಿದ್ದರಿಂದ ಅವರಿಗೆ ಮೊದಲು ಕಂಡದ್ದು ಆ ಕೈ. ತಮ್ಮ ಅಂಗೈಯನ್ನು ಎತ್ತಿ ಹಣೆಗೆ ಅಡ್ಡ ಹಿಡಿದರು.

“ಒಲ್ಲೆರಿ,” ಎಂದರು.

ಮೈಕು ಹತ್ತಿರವಿತ್ತು. ಕೊನೆಯ ಸಾಲಿಗೂ ಕೇಳಿಸಿತು. ನಿರೂಪಕರು, ಅವ್ವಾರು ನಾಚಿಕೊಳ್ಳಾಕತ್ತಾರ ಎಂದು ನಗಿಸಲು ನೋಡಿದರು. ಒಂದಿಷ್ಟು ಜನ ನಕ್ಕರು ಕೂಡ. ಸಾಹುಕಾರರು ಮುಗುಳುನಗುತ್ತಲೇ ಇನ್ನೊಂದು ಹೆಜ್ಜೆ ಮುಂದಿಟ್ಟರು. ಹೆಣ್ಣುಮಗಳು ಹಿಂದೆ ಸರಿದರು. ಹೆಗಲ ಮೇಲಿನ ಕಂಬಳಿ ಜಾರಿ ವೇದಿಕೆಯ ಹಲಗೆಯ ಮೇಲೆ ಬಿತ್ತು.

ಡೊಳ್ಳು ನಿಂತಿತು. ಯಾರೂ ನಿಲ್ಲಿಸಿ ಎಂದು ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಈ ಸೀಮೆಯಲ್ಲಿರುವವನು ನಾನು. ಬೀರಪ್ಪನ ಒಕ್ಕಲಿನ ಮನುಷ್ಯ ಭಂಡಾರಕ್ಕೆ ಹಣೆ ಅಡ್ಡ ಮಾಡಿದ್ದನ್ನು ಕಂಡಿರಲಿಲ್ಲ, ಕೇಳಿರಲಿಲ್ಲ. ಸಾಯುವವರ ಹಣೆಗೂ ಹಚ್ಚುತ್ತಾರೆ. ಎಳೆಗೂಸಿನ ಹಣೆಗೂ ಹಚ್ಚುತ್ತಾರೆ. ವೈರಿಯ ಮನೆಯಲ್ಲೂ ಅದನ್ನು ಬೇಡವೆನ್ನುವುದಿಲ್ಲ. ನಾನು ಆಗ ತೆಗೆದ ಫೋಟೊ ಈಗಲೂ ನನ್ನ ಹತ್ತಿರವಿದೆ. ಅದರಲ್ಲಿ ಒಂದು ಅಂಗೈ, ಅದರ ಹಿಂದೆ ಅರ್ಧ ಮುಖ, ಅಷ್ಟೇ ಇದೆ. ಎರಡನೆಯ ಫೋಟೊ ತೆಗೆಯುವುದು ನನಗೆ ಹೊಳೆಯಲಿಲ್ಲ.

ಪೂಜಾರಿ ಎದ್ದು ನಿಂತರು. ದನಿ ಏರಿಸಲಿಲ್ಲ. “ಕಂಬಳಿ ನೆಲಾ ಮುಟ್ಟಿತು. ಭಂಡಾರ ಒಲ್ಲೆ ಅಂದಿ. ಇನ್ನ ಉಳದದ್ದರ ಏನಬೇ?”

ಆ ಹೆಣ್ಣುಮಗಳು ಬಗ್ಗಿ ಕಂಬಳಿ ಎತ್ತಿ, ಝಾಡಿಸಿ, ಮಡಿಚಿ, ಹಣೆಗೆ ಮುಟ್ಟಿಸಿ ಖುರ್ಚಿಯ ಮೇಲಿಟ್ಟರು. ಹೆಡ್‌ಮಾಸ್ತರರಿಗೆ ಕೈಮುಗಿದರು. ವೇದಿಕೆ ಇಳಿದು ನಡುದಾರಿಯಲ್ಲಿ ನಡೆದು ಹೊರಗೆ ಹೋದರು. ಅವರೂರಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು, ಒಬ್ಬರೂ ಏಳಲಿಲ್ಲ. ಸಾಹುಕಾರರು ಚಿಟಿಕೆಯಲ್ಲಿ ಉಳಿದಿದ್ದ ಭಂಡಾರವನ್ನು ತಮ್ಮ ಹಣೆಗೇ ಹಚ್ಚಿಕೊಂಡು, ದೊಡ್ಡವರಿಗೆ ಏನೋ ಬೇಸರಾಗಿರಬೇಕು, ನಾವು ತಪ್ಪು ತಿಳಿಯಬಾರದು ಎಂದು ಮೈಕಿನಲ್ಲಿ ಹೇಳಿದರು. ಅವರಿಗೆ ಚಪ್ಪಾಳೆ ಬಿತ್ತು.

ನಾನು ಕಳಿಸಿದ ವರದಿಯ ಕೊನೆಯಲ್ಲಿ ಹೀಗಿತ್ತು: ಒಬ್ಬ ಸನ್ಮಾನಿತರು ಸನ್ಮಾನ ಪೂರ್ಣಗೊಳ್ಳುವ ಮೊದಲು ವೇದಿಕೆಯಿಂದ ಇಳಿದರು, ಕಾರಣ ತಿಳಿದುಬಂದಿಲ್ಲ. ಜಾಗವಿಲ್ಲವೆಂದು ಡೆಸ್ಕಿನವರು ಆ ಸಾಲು ತೆಗೆದರು. ಆದರೆ ಆ ಹೊತ್ತಿಗಾಗಲೇ ಯಾರದೋ ಮೊಬೈಲಿನ ವಿಡಿಯೋ ನಾಲ್ಕೂ ತಾಲೂಕಿನ ಗುಂಪುಗಳಲ್ಲಿ ಸುತ್ತುತ್ತಿತ್ತು. ಕಂಬಳಿ ಬೀಳುವ ಕ್ಷಣವನ್ನು ಮತ್ತೆ ಮತ್ತೆ ತೋರಿಸುವಂತೆ ಕತ್ತರಿಸಿದ್ದರು. ದೇವರನ್ನೇ ಧಿಕ್ಕರಿಸಿದವಳಿಗೆ ಸನ್ಮಾನ ಬೇರೆ ಕೇಡು ಎಂಬ ಬರಹ ಅದರ ಮೇಲೆ. ಮುಧೋಳದ ಒಬ್ಬ ಚಹಾದ ಅಂಗಡಿಯವರು ಅದನ್ನು ನನಗೇ ತೋರಿಸಿ, ಇಂಥಾ ಮಂದೀನೂ ಇರತಾರೇನ್ರಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಕಾರಣ ತಿಳಿದುಬಂದಿಲ್ಲ ಎಂದು ಬರೆದ ಮೇಲೆ ಹೋಗಿ ತಿಳಿದುಕೊಂಡು ಬರುವುದು ಕೆಲಸದ ಭಾಗ. ಬೀಳಗಿವರೆಗೆ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ. ಊರ ಕಟ್ಟೆಯ ಮೇಲೆ ಕೂತಿದ್ದವರನ್ನು ಅವರ ಮನೆ ಎಲ್ಲಿ ಎಂದು ಕೇಳಿದೆ. ಒಬ್ಬರು ಕೈ ತೋರಿಸಿದರು. ಇನ್ನೊಬ್ಬರು, ಪ್ರಶಸ್ತಿ ಕೊಡಾಕ ಮತ್ತ ಬಂದ್ರೇನ್ರಿ, ಈ ಸಲ ಹಣಿ ಮುಚ್ಚೂವಂಗ ಕುಲಾಯಿ ಹಾಕ್ಕೊಂಡ ಬಾ ಅಂತ ಆಕಿಗೆ ಹೇಳ್ರಿ ಎಂದರು. ಉಳಿದವರು ನಗಲಿಲ್ಲ.

ಮನೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದರು. ನಾನು ಪತ್ರಿಕೆಯವನು ಎಂದಾಗ ಕೈ ನಿಲ್ಲಿಸದೆ ಮಾತನಾಡಿದರು. ಅತ್ತೆಯ ಮೇಲಿನ ಸಿಟ್ಟು ಪ್ರತಿ ಬಡಿತದಲ್ಲೂ ಇತ್ತು. ಗುಡಿಯ ಮೆಟ್ಟಿಲು ಹತ್ತಬೇಡಿ ಎಂದು ಪೂಜಾರಿ ಹೇಳಿಬಿಟ್ಟಿದ್ದರು. ಭಂಡಾರ ತೆಗೆದುಕೊಳ್ಳುವವರೆಗೆ ಆ ಮನೆಯವರಿಗೆ ಗುಡಿಯಿಲ್ಲ. ಅದನ್ನೂ ಯಾರ ಕೈಯಿಂದ ಒಲ್ಲೆ ಎಂದರೋ ಅದೇ ಕೈಯಿಂದ ತೆಗೆದುಕೊಳ್ಳಬೇಕು. ಸೊಸೆಯ ಮಗನ ಜವಳ ತೆಗೆಸುವುದಿತ್ತು. ಮೊದಲ ಕೂದಲು ಬೀರಪ್ಪನ ಮುಂದೆಯೇ ಇಳಿಯಬೇಕು, ಬೇರೆಲ್ಲೂ ನಡೆಯುವುದಿಲ್ಲ. ಹುಡುಗನ ಕೂದಲು ಕಣ್ಣ ಮೇಲೆ ಬಿದ್ದಿತ್ತು. “ಕಂಬಳಿ ಹೊಚ್ಚಿಸ್ಕೊಂಡ ಬರ್ತೀನಿ ಅಂತ ಹೋದ್ಲ್ರಿ ನಮ್ಮತ್ತಿ,” ಎಂದರು ಸೊಸೆ. “ಊರ ಬಾಯಾಗ ಬಿದ್ದ ಬಂದ್ಲು. ನಮ್ಮನ್ನೂ ಎಳಕೊಂಡು.”

ಅತ್ತೆ ಊರ ಹೊರಗಿನ ಕುರಿ ದಡ್ಡಿಯಲ್ಲಿದ್ದರು. ಮುಳ್ಳಿನ ಬೇಲಿ ಸರಿಪಡಿಸುತ್ತಿದ್ದರು. ನನ್ನನ್ನು ಕಂಡು, ನೀರು ಕುಡೀರಿ ಎಂದು ಕೊಡ ತೋರಿಸಿದರು. ನಾನು ಯಾಕೆ ಹಾಗೆ ಮಾಡಿದಿರಿ ಎಂದು ನೇರವಾಗಿ ಕೇಳಿದೆ.

“ತಮ್ಮಾ, ನಿಮ್ಮ ಕಡೆ ಜಗಳಾ ಆದ್ರ ಹೆಂಗ ಮುಗಸ್ತೀರಿ?”

ಕೋರ್ಟಿಗೆ ಹೋಗುತ್ತಾರೆ ಎಂದೆ.

“ಅಲ್ಲಿ ಮುಗೀತೈತೇನು? ನಮ್ಮಲ್ಲಿ ಕಂಬಳಿ ಹೊಚ್ಚಿ ಭಂಡಾರ ಹಚ್ಚಿದ್ರ ಆತು. ಹಚ್ಚಿದಾಂವಂದೂ ಹಚ್ಚಿಸ್ಕೊಂಡಾಂವಂದೂ ಬಾಯಿ ಮುಚ್ಚಿತು. ಮತ್ತ ನಾಕ ಮಂದಿ ಮುಂದ ಒಬ್ಬರ ಮ್ಯಾಲ ಒಬ್ಬರು ಚಕಾರ ಎತ್ತಂಗಿಲ್ಲ. ಸತ್ರೂ ಎತ್ತಂಗಿಲ್ಲ.”

ಅವರು ಬೇಲಿಯ ಕೆಲಸ ಬಿಡದೆಯೇ ವಿವರಿಸಿದರು. ಅವರ ಗಂಡನಿಗೂ ಗಂಡನ ಅಣ್ಣನಿಗೂ ಒಂದು ಬದುವಿನ ಜಗಳವಿತ್ತಂತೆ. ಗುಡಿಯ ಮುಂದೆ ಭಂಡಾರವಾಯಿತು. ಆ ಅಣ್ಣ ಆಮೇಲೆ ಬದುವನ್ನು ಇನ್ನೊಂದು ಮಾರು ಸರಿಸಿದರೂ ಗಂಡ ಸಾಯುವವರೆಗೆ ಆ ಮಾತು ಎತ್ತಲಿಲ್ಲ. ಇವರೂ ಎತ್ತಿಲ್ಲ. ಈಗ ನನಗೆ ಹೇಳುತ್ತಿದ್ದೀರಲ್ಲ ಎಂದೆ. ಆ ಭಂಡಾರ ಗಂಡನ ಹಣೆಗೆ ಆಗಿದ್ದು, ನನ್ನ ಹಣೆಗಲ್ಲ ಎಂದರು. ಹೇಳುವಾಗ ಸಣ್ಣಗೆ ನಕ್ಕರು.

ಅಷ್ಟರಲ್ಲಿ ನನಗೆ ತಿಳಿಯುತ್ತ ಬಂದಿತ್ತು. ಆ ವೇದಿಕೆಯ ಮೇಲೆ, ಹೂವು ಡೊಳ್ಳು ಚಪ್ಪಾಳೆಗಳ ನಡುವೆ ಅವರ ಹಣೆಗೆ ಆ ಚಿಟಿಕೆ ಬಿದ್ದಿದ್ದರೆ, ಮರುವಾರ ಅಧಿಕಾರಿಗಳ ಮುಂದೆ ಅವರ ಬಾಯಿ ತೆರೆಯುತ್ತಿರಲಿಲ್ಲ. ಯಾರೂ ಹೆದರಿಸಬೇಕಾಗಿರಲಿಲ್ಲ, ಯಾರೂ ಏನೂ ಕೊಡಬೇಕಾಗಿರಲಿಲ್ಲ. ಗಾಯರಾಣದ ವಿಷಯ ಸನ್ಮಾನದಲ್ಲಿಯೇ ಮುಗಿದುಹೋಗುತ್ತಿತ್ತು.

ಇದು ಸಾಹುಕಾರರಿಗೆ ಗೊತ್ತಿತ್ತೇ ಎಂದು ಕೇಳಿದೆ.

“ಅಂವ ನಮ್ಮ ಮಂದೀನ. ಸಣ್ಣಾಂವಿದ್ದಾಗ ಅಂವನ ಹಣಿಗೆ ನಾನ ಹಚ್ಚೇನಿ, ಬಾಳ ಸಲ. ಬಗಲಾಗ ಎತಗೊಂಡು.”

ಹಾಗಿದ್ದರೆ ಅದನ್ನು ವೇದಿಕೆಯ ಮೇಲೆಯೇ ಹೇಳಬಹುದಿತ್ತಲ್ಲ, ಊರು ಇಷ್ಟು ಮಾತನಾಡುತ್ತಿರಲಿಲ್ಲವಲ್ಲ ಎಂದೆ.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಮಾಸ್ತರು ಕರದು ಖುರ್ಚಿ ಹಾಕ್ಯಾರ. ಅವರ ಮನಿ ಕಾರ್ಯೇದಾಗ ನಿಂತು ಅವರು ಕರದ ಪಾವ್ಣ್ಯಾಗ ಬಯ್ಯಾಕಾಗತೈತೇನು? ನಂದು ಹೋದ್ರ ಹೋಗ್ಲಿ.”

ಜಮಖಂಡಿಗೆ ಮರಳಿ ಹೆಡ್‌ಮಾಸ್ತರರ ಮನೆಗೆ ಹೋದೆ. ಒಂದೇ ಪ್ರಶ್ನೆಯಿತ್ತು. ಶಾಲು ಬಿಟ್ಟು ಕಂಬಳಿ-ಭಂಡಾರ ಮಾಡೋಣ ಎಂದು ಯಾರಿಗೆ ಹೊಳೆಯಿತು? ಅವರು ಮೊದಲು, ಎಲ್ಲರಿಗೂ ಸೇರಿ ಹೊಳೆಯಿತು ಎಂದರು. ಆಮೇಲೆ, ಸಾಹುಕಾರರೇ ಊಟದ ವಿಷಯ ಮಾತನಾಡಲು ಬಂದಾಗ ಹೇಳಿದ್ದು ಎಂದು ನೆನಪಿಸಿಕೊಂಡರು. ಶಾಲು ಯಾರು ಬೇಕಾದರೂ ಹೊದಿಸುತ್ತಾರೆ, ಅವ್ವಾರಿಗೆ ಕಂಬಳಿಯೇ ಶೋಭೆ ಎಂದಿದ್ದರಂತೆ. ಸಮಿತಿಗೆ ಆ ಮಾತು ಬಹಳ ಹಿಡಿಸಿತ್ತು. ಅತಿಥಿ ಬರುವುದಿಲ್ಲವೆಂದಾಗ ಅವರನ್ನೇ ಕೂಡಿಸಿದ್ದೂ ಆ ಉತ್ಸಾಹದಲ್ಲಿಯೇ. ದಡ್ಡಿಯಲ್ಲಿ ಕೇಳಿದ್ದನ್ನು ನಾನು ಹೇಳಿದೆ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತರು. “ನಾವು ಆಕೀಗೆ ಸನ್ಮಾನಾ ಮಾಡಾಕ ಹೋಗಿದ್ವೋ ಏನ ಆಕೀ ಬಾಯಿ ಹೊಲ್ಯಾಕ ಹೋಗಿದ್ವೋ?” ಎಂದರು. ಅವರ ಹೆಂಡತಿ ತಂದಿಟ್ಟ ಚಹಾ ಆರಿತು.

ಸಾಹುಕಾರರನ್ನೂ ಕೇಳಿದೆ, ಕೇಳದೆ ಬರೆಯುವ ಹಾಗಿಲ್ಲ. ಅವರು ನಕ್ಕರು. “ಗೌರವ ಕೊಟ್ರೂ ತಪ್ಪ ಹುಡಕತೀರಲ್ರಿ ನೀವು ಪೇಪರಿನ ಮಂದಿ,” ಎಂದರು. ಅವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ನನ್ನ ಬಳಿ ಆಗ ಸಾಕ್ಷಿಯಿರಲಿಲ್ಲ, ಈಗಲೂ ಇಲ್ಲ. ಅವರು ಹೇಳಿದ್ದು, ನಡೆದದ್ದು, ಇವೆರಡೇ ಇವೆ.

ಪರಿಶೀಲನೆಯ ದಿನ ಗಾಯರಾಣದಲ್ಲಿ ಬಿಸಿಲು ಜೋರಿತ್ತು. ಅಧಿಕಾರಿಗಳು, ಅಳತೆ ಮಾಡುವವರು ಬಂದರು. ಊರ ಗಂಡಸರು ಒಂದು ಟಿಪ್ಪರಿನ ನೆರಳಿನಲ್ಲಿ ಗುಂಪಾಗಿ ನಿಂತರು. ಸಾಹುಕಾರರು ಬಿಳಿ ಬಟ್ಟೆಯಲ್ಲಿ ಬಂದರು. ಪೂಜಾರಿ ಗುಡಿಯ ತಾಟು ಹಿಡಿದು, ಹೆಗಲಿಗೆ ಕಂಬಳಿ ಹಾಕಿಕೊಂಡು ಬಂದರು. ಅವರು ಅಧಿಕಾರಿಗಳಿಗೆ ಕೈಮುಗಿದು, ನಿಮ್ಮ ಕೆಲಸಕ್ಕೂ ಮೊದಲು ನಮ್ಮದೊಂದು ಊರ ಕೆಲಸ ಇದೆ, ಎರಡೇ ನಿಮಿಷ ಎಂದರು. ಊರು ಒಂದಾಗಬೇಕು, ದೇವರ ಮುಂದೆ ಸೊಕ್ಕು ಬೇಡ, ಆ ಎಳೆಗೂಸಿನ ಜವಳ ನಿಂತಿದೆ ಎಂದು ಆ ಹೆಣ್ಣುಮಗಳಿಗೆ ಹೇಳಿದರು. ಗಟ್ಟಿಯಾಗಿ ಅಲ್ಲ, ಮನೆಯ ಹಿರಿಯರು ಹೇಳುವ ಹಾಗೆ. ಅವರ ಮಾತಿನಲ್ಲಿ ಕಪಟವಿತ್ತು ಎಂದು ನಾನು ಹೇಳಲಾರೆ. ಗುಡಿಯನ್ನು ಕಾಯುವುದು ಅವರ ಕೆಲಸ.

ಸೊಸೆ ಮಗನನ್ನು ಎತ್ತಿಕೊಂಡು ಹಿಂದೆ ನಿಂತಿದ್ದರು. ಅತ್ತೆ ಒಮ್ಮೆ ಆ ಕಡೆ ನೋಡಿದರು.

“ತಗೋತೀನಿ,” ಎಂದರು.

ಪೂಜಾರಿ ಕಂಬಳಿ ಬಿಡಿಸಲು ಹೋದರು. ಅತ್ತೆ ಕೈ ಎತ್ತಿ ತಡೆದರು.

“ಮದ್ಲ ಸಾಹೇಬ್ರ ಕೆಲಸಾ. ಅವರು ದೂರಿಂದ ಬಂದಾರ. ಅವರು ಕೇಳಿದ್ದು ಹೇಳಿ ಮುಗಸ್ತೀನಿ, ಆಮ್ಯಾಲ ಬಗ್ಗತೀನಿ. ಅಲ್ಲೀತನಾ ತಾಟ ಹಿಡಕೊಂಡ ನಿಲ್ಲು.”

ಪೂಜಾರಿ ಸಾಹುಕಾರರ ಮುಖ ನೋಡಿದರು. ಭಂಡಾರವಾದ ಮೇಲೆ ಮಾತಾಡಬಾರದು ಎಂದು ಕಟ್ಟಳೆ ಇದೆ. ಅದಕ್ಕೂ ಮೊದಲು ಆಡಿದ್ದನ್ನು ಹಿಂದೆ ತೆಗೆದುಕೊಳ್ಳಬೇಕು ಎಂದು ಇಲ್ಲ. ಅಧಿಕಾರಿ ಬೆವರು ಒರೆಸಿಕೊಂಡು, ಹೇಳಮ್ಮ ಎಂದರು.

ಅವರು ನಡೆಯುತ್ತ ಹೇಳಿದರು. ಕುರಿಗಳು ಎಲ್ಲಿಂದ ಹತ್ತುತ್ತಿದ್ದವು, ಮಳೆ ಬಂದಾಗ ಯಾವ ಬಂಡೆಯ ಕೆಳಗೆ ನಿಲ್ಲುತ್ತಿದ್ದವು, ಹಳ್ಳದ ಬಾಯಿ ಎಲ್ಲಿತ್ತು ಎಂದು ತೋರಿಸಿದರು. ಹಳ್ಳದ ಬಾಯಿ ಇದ್ದಲ್ಲಿ ಈಗ ಬೂದಿಯಂಥ ಧೂಳಿನ ದಿಬ್ಬವಿತ್ತು. ಕೋಲಿನಿಂದ ಕೆದಕಿದಾಗ ಕೆಳಗೆ ಹಳ್ಳದ ಉರುಟು ಕಲ್ಲುಗಳು ಕಂಡವು. ಕೊನೆಗೆ, ಇದನ್ನು ಮಾಡಿದವರು ಯಾರು ಎಂದು ಅಧಿಕಾರಿ ಕೇಳಿದರು. ಅವರು ಸಾಹುಕಾರರ ಕಡೆ ತಿರುಗಿ, ಇವರು ಎಂದರು. ಅಧಿಕಾರಿ ಬರೆದುಕೊಂಡದ್ದನ್ನು ಓದಿ ಹೇಳಿದರು, ಹೆಣ್ಣುಮಗಳು ಹೆಬ್ಬೆಟ್ಟು ಒತ್ತಿದರು.

ಆಮೇಲೆ ಪೂಜಾರಿಯ ಹೆಗಲಿನಿಂದ ಕಂಬಳಿ ತೆಗೆದು ತಾವೇ ಹೊದ್ದುಕೊಂಡರು. ಸಾಹುಕಾರರ ಮುಂದೆ ಹೋಗಿ ತಲೆ ಬಗ್ಗಿಸಿ ನಿಂತರು.

“ಹಚ್ಚಪಾ.”

ಆಗ ನನಗೆ ಹೊಳೆದದ್ದು, ಕಟ್ಟು ಇಬ್ಬರಿಗೂ ಎಂಬುದು. ಸಾಹುಕಾರರ ಹೇಳಿಕೆ ಇನ್ನೂ ಬಾಕಿಯಿತ್ತು. ಹಚ್ಚಿದರೆ ಅವರೂ ಇವರ ಮಾತಿಗೆ ಎದುರು ಮಾತು ಆಡುವ ಹಾಗಿಲ್ಲ. ಹಚ್ಚದಿದ್ದರೆ, ಊರ ಮುಂದೆ ಭಂಡಾರ ಒಲ್ಲೆ ಎಂದವರಲ್ಲಿ ಅವರೂ ಒಬ್ಬರಾಗುತ್ತಾರೆ. ಅವರ ಕೈ ತಾಟಿನಲ್ಲಿ ಇದ್ದಷ್ಟು ಹೊತ್ತು ಯಾರೂ ಅಲುಗಾಡಲಿಲ್ಲ. ಬೆರಳು ನಡುಗಿತು ಎಂದು ಬರೆಯಲಾರೆ, ನಾನು ನಿಂತ ಜಾಗದಿಂದ ಅದು ಕಾಣುತ್ತಿರಲಿಲ್ಲ. ಹಚ್ಚಿದರು. ಅಧಿಕಾರಿ, ಈಗ ನಿಮ್ಮದು ಹೇಳಿ ಎಂದಾಗ, ನಮ್ಮ ಮ್ಯಾನೇಜರ ಬರೆದು ಕೊಡುತ್ತಾರೆ ಎಂದು ಹೇಳಿ ಗಾಡಿ ಹತ್ತಿದರು.

ಗಾಯರಾಣದ ಕಡೆಯ ಗುಂಡಿ ನಿಂತಿತು. ಕಲ್ಲು ನೆಟ್ಟು ಗಡಿ ಗುರುತು ಹಾಕಿದರು. ಹುಡುಗನ ಜವಳವೂ ಬೀರಪ್ಪನ ಮುಂದೆಯೇ ಆಯಿತು. ಹೆಡ್‌ಮಾಸ್ತರರು ಬಸ್ಸು ಹಿಡಿದು ಅಲ್ಲಿಗೆ ಬಂದು, ಅಂದಿನ ಕಂಬಳಿಯನ್ನು ಹೊದಿಸದೆ ಅವರ ಕೈಯಲ್ಲಿ ಕೊಟ್ಟು, ಸಜ್ಜಕದ ಸಿಹಿಯೂಟ ಉಂಡು ಹೋದರು. ನಾನು ಈ ಸಲ ಬರೆದದ್ದು ಪೂರ್ತಿ ಅಚ್ಚಾಯಿತು. ವಿಷಯ ಒಳ್ಳೆಯ ರೀತಿಯಲ್ಲಿ ಮುಗಿಯಿತು ಎಂದು ನಾನು ತಿಳಿದಿದ್ದೆ.

ಮಳೆಗಾಲ ಕಳೆದ ಮೇಲೆ ಹಳ್ಳದ ಆಚೆ ದಂಡೆಯಲ್ಲಿ ಹೊಸ ಗುಂಡಿ ಬಿದ್ದಿದೆ ಎಂದು ಫೋನು ಬಂತು. ಹೆಸರು ಬೇರೆಯವರದು, ಟಿಪ್ಪರುಗಳು ಅವೇ. ಹೋಗಿ ನೋಡಿದೆ. ಆ ಹೆಣ್ಣುಮಗಳು ಒಂದು ಬನ್ನಿಗಿಡದ ಕೆಳಗೆ ಕುರಿ ಬಿಟ್ಟುಕೊಂಡು ಕೂತಿದ್ದರು. ಕೂತಲ್ಲಿಂದ ಮಷಿನ್ನಿನ ಸದ್ದು ಕೇಳುತ್ತಿತ್ತು, ಕುರಿಗಳ ಉಣ್ಣೆಯ ಮೇಲೆ ಧೂಳು ಕಾಣುತ್ತಿತ್ತು. ಏನಿದು ಯವ್ವಾ ಎಂದು ಕೇಳಿದೆ. ಮಳೆ ಈ ವರ್ಷ ಛಲೋ ಆಗೇತಿ ಎಂದರು. ಮತ್ತೆ ಕೇಳಿದೆ. ಊಟಾ ಮಾಡಿರೇನು ಎಂದು ಕೇಳಿದರು. ಅವರು ಮಾತು ಹಾರಿಸುತ್ತಿದ್ದಾರೆ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು, ನಂಬಲು ಇನ್ನೂ ಹೊತ್ತು ಹಿಡಿಯಿತು. ಇಡೀ ತಾಲೂಕು ಉಗಿದಾಗಲೂ ಬಗ್ಗದವರು ಕಣ್ಣೆದುರಿನ ಗುಂಡಿಯನ್ನು ಗುಂಡಿ ಎಂದು ಹೇಳಲು ಒಲ್ಲರು. ಅಂದು ವೇದಿಕೆಯ ಮೇಲೆ ಕಂಡದ್ದಕ್ಕಿಂತ ಇದು ನನ್ನನ್ನು ಹೆಚ್ಚು ಗಾಬರಿಗೊಳಿಸಿತು. ಸಾಹುಕಾರರು ಕಟ್ಟು ಮುರಿದರೂ ನೀವು ಹಿಡಿದುಕೊಂಡು ಕೂತರೆ ಹೇಗೆ ಎಂದು ಕೇಳಿಬಿಟ್ಟೆ. ಅದು ವರದಿಗಾರ ಕೇಳುವ ಪ್ರಶ್ನೆಯಲ್ಲ.

“ನಾ ಹಣಿ ಕೊಟ್ಟೇನಿ, ತಮ್ಮಾ,” ಎಂದರು. ಅಷ್ಟೇ.

ಆಮೇಲೆ ಹಿಂಡಿನ ಆ ತುದಿಯಲ್ಲಿದ್ದ ಸೊಸೆಯನ್ನು ಕೂಗಿ ಕರೆದರು. ಸೊಸೆ ಕೋಲು ಹಿಡಿದು ಬಂದರು, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ನನ್ನ ಕೈಯಲ್ಲಿನ ಪೆನ್ನು ನೋಡಿ, “ಬರಕೋರಿ,” ಎಂದರು. “ನನ್ನ ಹಣಿಗೆ ಯಾರೂ ಏನೂ ಹಚ್ಚಿಲ್ಲ.”

ಅತ್ತೆ ಎದ್ದರು. ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡು, ನಮಗೆ ಬೆನ್ನು ಮಾಡಿ, ಇಳಿಜಾರಿನಲ್ಲಿ ಕುರಿಗಳ ಹಿಂದೆ ನಡೆದರು. ಮಾತು ಕಿವಿಗೆ ಬೀಳದಷ್ಟು ದೂರ ಅವರು ಹೋಗುವವರೆಗೆ ಸೊಸೆ ಕಾಯುತ್ತ ನಿಂತಿದ್ದರು. ಆಮೇಲೆ ಶುರು ಮಾಡಿದರು.